ಮೂರು ಪೆಟ್ಟು, ಒಂದು ಎಳೆತ

ಗುಬ್ಬಿ. ಗುಬ್ಬಿಯೇ, ಬೇರೇನೂ ಅಲ್ಲ, ಎರಡನೇ ಮಹಡಿಯ ಕಂಬಿಯ ಮೇಲೆ ಕೂತು ಚಿಂವ್ ಚಿಂವ್ ಅಂತ ಒಂದೇ ಸಮ ಹೊಡೆದುಕೊಳ್ಳುತ್ತಿದೆ ದರಿದ್ರದ್ದು, ಅರೆಜ್ಕಿಯ ಎಡಗೈ ತಾನಾಗಿ ಹೋಗಿ ಪಂಜರದ ಮೇಲಿನ ಬಿಳಿ ಬಟ್ಟೆಯನ್ನು ಇನ್ನೂ ಕೆಳಗೆಳೆಯಿತು, ಅದರ ಮೇಲೆ ಕೋಟಿನ ಅಂಚನ್ನೂ ಹೊದಿಸಿತು, ಹೆಜ್ಜೆ ಬಿರುಸಾಯಿತು – ಹಾಡಿಗೆಂದು ಸಾಕಿದ ಮೊದಲ ವರ್ಷದ ಮೆಕ್ನೀನ್ ಹಕ್ಕಿಯ ಕಿವಿಗೆ ಗುಬ್ಬಿಯ ದನಿ ಬಿತ್ತೋ ಮುಗಿಯಿತು, ಹಾಡಿನ ನಟ್ಟನಡುವೆ ಅದೇ ಚಿಂವ್ ತಂದು ತುರುಕುತ್ತದೆ, ಆಮೇಲೆ ತಿಪ್ಪರಲಾಗ ಹಾಕಿದರೂ ಬಿಡಿಸಲಾಗದು – ಹತ್ತು ಹೆಜ್ಜೆ ನಡೆದ ಮೇಲೆ ನೆನಪಾಯಿತು, ಕೊಟ್ಟುಬಿಡುವುದಕ್ಕಲ್ಲವೇ ಒಯ್ಯುತ್ತಿರುವುದು, ಇನ್ನು ಇದು ಗುಬ್ಬಿಯ ಹಾಗೆ ಕೂಗಿದರೇನು ಕತ್ತೆಯ ಹಾಗೆ ಅರಚಿದರೇನು, ಇನ್ನರ್ಧ ಗಂಟೆಗೆ ಇದು ಕಾಫಿ ಅಂಗಡಿಯಲ್ಲಿ ಕೂರುವ ಮುದುಕ ಹಾಜ್ ಬೂಅಲೆಮನ ಹಕ್ಕಿ. ಆದರೂ ಬಟ್ಟೆಯನ್ನು ಮೇಲೆತ್ತಲು ಮನಸ್ಸು ಬರಲಿಲ್ಲ. ಒಳಗೆ ಬಾಶಾ ಕೋಲಿನಿಂದ ಕೋಲಿಗೆ ಹಾರುವುದು ಕೈಗೆ ತಿಳಿಯುತ್ತಿದೆ, ಟಪ್, ಟಪ್, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಜೀವ, ಕೆಂಪು ಮೂತಿ, ರೆಕ್ಕೆಯಲ್ಲೊಂದು ಹಳದಿ ಪಟ್ಟಿ, ಇಷ್ಟೇ, ಇಷ್ಟಕ್ಕೆ ಇಷ್ಟೆಲ್ಲಾ – ಹನ್ನೆರಡರೊಳಗೆ ಬರಿಗೈಲಿ ಬಾ, ಅಂದಿದ್ದಾಳೆ ಅಕ್ಕ. ಹತ್ತೂಮುಕ್ಕಾಲು ಈಗ, ಮೂರು ಗಡಿಯಾರದ ಚೌಕದಲ್ಲಿ ಮೂರೂ ಗಡಿಯಾರ ಮೂರು ಹೊತ್ತು ತೋರಿಸುತ್ತವೆ, ಅವನ ಕೈಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತದೆ. ಬೇಕಾದಷ್ಟು ಹೊತ್ತಿದೆ.

ಅಕ್ಕ ವರ್ದಿಯಾ ಬೆಳಗ್ಗೆ ಎಂಟಕ್ಕೇ ಟಿಜಿ ಉಜು ಊರಿನಿಂದ ಗಂಡನ ಕಾರಿನಲ್ಲಿ ಬಂದಿಳಿದಳು, ಕೋಟು ಕೂಡ ಬಿಚ್ಚಲಿಲ್ಲ, ಲೋ ಅರೆಜ್ಕಿ, ನಾನು ಜಗಳಕ್ಕೆ ಬಂದಿಲ್ಲ ಕಣೋ, ಅಂದಳು, ಅವಳು ಹಾಗೆ ಶುರುಮಾಡಿದಳೆಂದರೆ ಜಗಳ ಖಾತ್ರಿ, ಮೂರು ತಾಸು, ಮೂರು ತಾಸು ಯಮ್ಮಾ ನೆಲದ ಮೇಲೆ ಬಿದ್ದಿದ್ಲು, ಗೋಡೆ ಆಚೆ ನೀನು ಕೂತಿದ್ದೆ, ಊರಾಚೆ ಅಲ್ಲ, ಗೋಡೆ ಆಚೆ. ಭಾವ ಮುಹಂದ್ ಬಾಗಿಲಲ್ಲೇ ನಿಂತು ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ, ಬಿಡೇ, ಹಕ್ಕಿಗೇನು ಗೊತ್ತು ಪಾಪ, ಅಂದ, ನೀವು ಸುಮ್ನಿರಿ, ಹಕ್ಕೀನ ಯಾರು ಬೈದ್ರು ಇಲ್ಲಿ. ಈ ಮನೇಲಿ ಒಂದೋ ಅದಿರಬೇಕು, ಒಂದೋ ಯಮ್ಮಾ ಇರಬೇಕು, ನೀನೇ ಹೇಳಿಬಿಡು. ಯಾರಿಗಾದ್ರೂ ಕೊಟ್ಟು ಬರಿಗೈಲಿ ಬಂದ್ಯೋ, ನಾವು ಒಂದು ಕಾಫಿ ಕುಡಿದು ಹೋಗ್ತೀವಿ, ಯಮ್ಮಾ ಇಲ್ಲೇ ಇರ್ತಾಳೆ. ಬರ್ಲಿಲ್ವೋ, ಹನ್ನೆರಡಕ್ಕೆ ಅವಳನ್ನ ಎತ್ತಿ ಕಾರಿಗೆ ಹಾಕ್ತೀನಿ, ಆಮೇಲೆ ಅಕ್ಕಾ ಅಂತ ಬಂದು ನಿಂತ್ಕೋಬೇಡ. ಮಂಚದ ಮೇಲೆ ಯಮ್ಮಾ ಎಲ್ಲವನ್ನೂ ಕೇಳುತ್ತಿದ್ದಳು, ಪಾರ್ಶ್ವವಾಯು ಹೊಡೆದ ಮೇಲೆ ಮಾತು ಹೋಗಿದೆ, ಬಲಗೈ ಹೋಗಿದೆ, ಕಿವಿ ಮಾತ್ರ ಚುರುಕು, ಎಡಗೈಯಿಂದ ಮಂಚದ ಕಬ್ಬಿಣದ ಕಂಬಿಯನ್ನು ಹಿಡಿದುಕೊಂಡಳು, ಅಕ್ಕ ಬಾಗಿ ಬಿಡಿಸಲು ನೋಡಿದರೆ ಬಿಡಲೊಲ್ಲಳು. ಯಾಕೆ ಬಿಟ್ಟಾಳು, ನಲವತ್ತೊಂದು ವರ್ಷದ ಮನೆ, ಆ ಕಿಟಕಿಯಲ್ಲಿ ಎರಡು ಕಟ್ಟಡಗಳ ನಡುವೆ ಅಂಗೈಯಗಲ ಸಮುದ್ರ ಕಾಣುತ್ತದೆ, ಎದುರು ಮಾಳಿಗೆಯಲ್ಲಿ ಬಟ್ಟೆ ಹರವುವ ಹೆಂಗಸರು ಕೈಯಾಡಿಸಿ, ಹೆಸರು ಹಿಡಿದು, ಏನ್ ತಸ್ಸಾದಿತ್ ಅಜ್ಜೀ, ನಿದ್ದೆ ಬಂತಾ, ಅಂತ ಕೇಳುತ್ತಾರೆ, ಇವಳು ಎಡಗೈ ಎತ್ತುತ್ತಾಳೆ, ಅವಳ ಪಾಲಿಗೆ ಉಳಿದಿರುವ ಹರಟೆ ಅಷ್ಟೇ. ಅಕ್ಕನ ಮನೆಯಲ್ಲಿ ಹಿಂದಿನ ಕೋಣೆ, ಕಿಟಕಿ ತೆರೆದರೆ ಗೋಡೆ. ಯಮ್ಮಾ, ಹನ್ನೆರಡರೊಳಗೆ ಬಂದುಬಿಡ್ತೀನಿ, ಆಣೆ, ಅಂದಿದ್ದ ಅರೆಜ್ಕಿ. ಅವಳು ಅವನ ಮುಖ ನೋಡಲಿಲ್ಲ, ಪಂಜರ ನೋಡಿದಳು.

ಇವನು ಹಿಡಿದರೆ ಉಡದ ಪಟ್ಟು, ಅನ್ನುತ್ತಿದ್ದಳು ಅವಳೇ, ಮಾತಿದ್ದಾಗ, ಅಕ್ಕಪಕ್ಕದವರಿಗೆ ಹೆಮ್ಮೆಯಿಂದಲೇ ಹೇಳುತ್ತಿದ್ದಳು, ಏಳು ವರ್ಷಕ್ಕೆ ಬಸ್ಸಿನ ಟಿಕೇಟು, ಬಣ್ಣಬಣ್ಣದ್ದು, ಶಾಲೆಯಿಂದ ಬಂದವನು ಊಟ ಬಿಟ್ಟು ನೆಲದ ಮೇಲೆ ಹರವಿಕೊಂಡು ಕೂರುತ್ತಿದ್ದ, ಹದಿಮೂರಕ್ಕೆ ರೇಡಿಯೋ, ಬಿಚ್ಚುವುದು ಜೋಡಿಸುವುದು, ಮನೆಗೆ ಬೆಂಕಿ ಬಿದ್ದರೂ ಇವನು ತಲೆಯೆತ್ತಲ್ಲ ಅನ್ನುತ್ತಿದ್ದಳು, ನಗುತ್ತಾ ಅನ್ನುತ್ತಿದ್ದಳು – ಹತ್ತೊಂಬತ್ತಕ್ಕೆ ಹಕ್ಕಿ, ಅಲ್ಲಿಗೆ ನಿಂತಿತು, ಇಪ್ಪತ್ತೇಳು ವರ್ಷವಾಯಿತು. ಕೂತರೆ ಅದೇ, ನಿಂತರೆ ಅದೇ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವಾಗ ಬೆರಳು ಹಾಡಿನ ಪೆಟ್ಟಿನ ಲೆಕ್ಕ ಹಾಕುತ್ತದೆ, ಮಧ್ಯಾಹ್ನದ ಪಾಳಿಯನ್ನು ಕೇಳಿ ಹಾಕಿಸಿಕೊಂಡದ್ದೂ ಹಕ್ಕಿಯ ಬೆಳಗಿನ ಪಾಠ ತಪ್ಪಬಾರದೆಂದೇ. ನಾಸೀರಾ ಮದುವೆಯಾಗಿ ಬಂದಾಗ ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದಳು, ಗುನುಗಬೇಡ ಅಂದ, ಶಿಳ್ಳೆ ಹಾಕುವ ಕೆಟಲು ಬೇಡ ಅಂದ, ನಾಲ್ಕು ವರ್ಷ ಸಹಿಸಿದಳು, ಹೋಗುವ ದಿನ ಸಿಟ್ಟೂ ಇರಲಿಲ್ಲ ಅವಳಲ್ಲಿ, ನಾನು ಹತ್ತು ಸಲ ಹೇಳಿದ್ದು ನಿನಗೆ ಕೇಳ್ಸಲ್ಲ ಅರೆಜ್ಕಿ, ಅದು ಒಂದು ಸಲ ಕೆಮ್ಮಿದ್ರೆ ಕೇಳ್ಸುತ್ತೆ, ಅಂದಳು, ಸರಿಯಾಗಿಯೇ ಹೇಳಿದಳು. ಬಿಡಬೇಕು ಅಂದುಕೊಳ್ಳದ ವರ್ಷವಿಲ್ಲ, ಬಿಟ್ಟೂ ಇದ್ದಾನೆ, ಹನ್ನೊಂದು ದಿನ, ಒಂದು ಸಲ. ಹನ್ನೆರಡನೇ ದಿನ ಯಾರದೋ ಕಿಟಕಿಯಿಂದ ಟೇಪು ಕೇಳಿಬಂತು, ಆ ಟೇಪು, ಬೂಅಲೆಮನ ಸುಲ್ತಾನನ ಟೇಪು – ಇಪ್ಪತ್ತೆರಡು ವರ್ಷದ ಹಿಂದೆ ಸತ್ತ ಹಕ್ಕಿ, ಅಂಥದ್ದು ಹಿಂದೆ ಹಾಡಿಲ್ಲ, ಮುಂದೆ ಹಾಡಲಿಕ್ಕಿಲ್ಲ, ನಲವತ್ತು ಸೆಕೆಂಡು ಇದೆ ಅಷ್ಟೇ, ತ್ಲಿ, ತ್ಲಿ, ತ್ಲಿ, ಮೂರು ಪೆಟ್ಟು, ಆಮೇಲೆ ಒಂದು ಎಳೆತ, ಚ್ಯೂ..ಈ.., ಎಳೆಯುತ್ತಾ ಎಳೆಯುತ್ತಾ ತಿರುಗಬೇಕು ಅನ್ನುವಷ್ಟರಲ್ಲಿ ಟಕ್, ಟೇಪು ಮುಗಿದಿದೆ. ಸುತ್ತು ಮುಗಿದಿತ್ತು ಯಂತ್ರದಲ್ಲಿ, ಬೂಅಲೆಮ್ ನೋಡಿಕೊಂಡಿರಲಿಲ್ಲ, ಮರುವಾರ ಹಕ್ಕಿ ಸತ್ತಿತು. ಎಳೆತದ ಕೊನೆ ಮೇಲಕ್ಕೆ ಹೋಗುತ್ತಿತ್ತೋ ಕೆಳಕ್ಕೆ ಬೀಳುತ್ತಿತ್ತೋ, ಈ ಬಾಬ್ ಎಲ್ ವೇದ್ ಕೇರಿಯಲ್ಲಿ ಈ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ನೀವು ಕಿವಿಯಾರೆ ಕೇಳಿದ್ರಲ್ಲ ಹಾಜ್, ನೀವು ಹೇಳಿ, ಅಂದರೆ ಮುದುಕ ತಲೆ ಕೊಡವುತ್ತಾನೆ, ನೆನಪಿದೆ ಅಂದ್ಕೊಂಡಿದ್ದೆ ಕಣಯ್ಯಾ, ಟೇಪನ್ನೇ ಕೇಳಿ ಕೇಳಿ ಈಗ ನನ್ನ ನೆನಪೂ ಅಲ್ಲೇ ಟಕ್ ಅನ್ನುತ್ತೆ. ಬಾಶಾನನ್ನು ಮರಿಯಿಂದ ತಂದು, ಕತ್ತಲೆಯಲ್ಲಿಟ್ಟು, ಆ ಟೇಪು ಬಿಟ್ಟು ಇನ್ನೊಂದು ದನಿ ಕೇಳಿಸದೆ ಬೆಳೆಸಿದ್ದು ಅದಕ್ಕೇ, ಮೂರು ಪೆಟ್ಟು ಕಲಿತ ಹಕ್ಕಿ ಎಳೆತ ಕಲಿತೀತು, ಎಳೆತ ಕಲಿತ ಹಕ್ಕಿ ಅದರ ಕೊನೆಯನ್ನು ತಾನೇ ಹುಡುಕಿಕೊಂಡೀತು, ರಕ್ತದಲ್ಲಿರುತ್ತದೆ ಅಂತಾರೆ.

ಗಂಟೆ ತಂದುಕೊಟ್ಟದ್ದು ಅಕ್ಕನೇ, ತಂತಿಯಿಲ್ಲದ್ದು, ಬಿಳಿ ಗುಂಡಿಯೊಂದನ್ನು ದಾರಕ್ಕೆ ಕಟ್ಟಿ ಯಮ್ಮಾನ ಕೊರಳಿಗೆ ಹಾಕಿ, ನೀರು ಬೇಕಾದ್ರೆ ಒತ್ತು ಯಮ್ಮಾ, ಏಳ್ಬೇಕಾದ್ರೆ ಒತ್ತು, ಬೇಜಾರಾದ್ರೂ ಒತ್ತು, ಅವನು ಬರ್ತಾನೆ, ಅಂದಿದ್ದಳು. ಒತ್ತಿದರೆ ಪಡಸಾಲೆಯ ಡಬ್ಬಿಯಿಂದ ಕನೇರಿ ಹಕ್ಕಿಯ ದನಿ ಹೊರಡುತ್ತದೆ, ಹಕ್ಕಿಯ ದನಿಯೇ ಆಗಬೇಕಿತ್ತೇ ಅದು, ಅಂಗಡಿಯಲ್ಲಿ ಬೇರೆ ಗಂಟೆ ಇರಲಿಲ್ಲವೇ, ನಿನಗೆ ಹಕ್ಕಿ ಅಂದ್ರೆ ಪ್ರಾಣ ಅಲ್ವಾ, ಅದಕ್ಕೇ ಇದನ್ನ ಆರಿಸಿದೆ, ಅಂದಳು ಅಕ್ಕ. ಕನೇರಿ! ಗುಬ್ಬಿಯಾದರೂ ಬೇಕು, ಕನೇರಿಯ ಗಿಣಿಗಿಣಿ ಹತ್ತಿದ ಮೆಕ್ನೀನನ್ನು ಯಾರೂ ಕಾಫಿ ಅಂಗಡಿಯೊಳಕ್ಕೂ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಬೆಳಗ್ಗೆ ಎಂಟರಿಂದ ಹನ್ನೊಂದು, ಪಾಠದ ಹೊತ್ತು, ಡಬ್ಬಿಯ ಬ್ಯಾಟರಿ ತೆಗೆದಿಡುತ್ತಿದ್ದ, ತೆಗೆಯುವ ಮುಂಚೆ ಯಮ್ಮಾನಿಗೆ ನೀರು ಕುಡಿಸಿ, ದಿಂಬು ಸರಿಮಾಡಿ, ಎಲ್ಲ ಸರಿಯಿದೆಯಾ ಅಂತ ಕೇಳಿಯೇ ಹೋಗುತ್ತಿದ್ದ, ಪಾಪಿಯಲ್ಲ ಅವನು, ಕೇಳುತ್ತಿದ್ದ. ಬ್ಯಾಟರಿ ತೆಗೆದಿದ್ದೇನೆ ಅಂತ ಮಾತ್ರ ಹೇಳಿರಲಿಲ್ಲ. ಅವತ್ತು ಬಾಶಾ ಬಟ್ಟೆಯೊಳಗೆ ಗುಜುಗುಜು ಅನ್ನುತ್ತಿದ್ದವನು ಇದ್ದಕ್ಕಿದ್ದ ಹಾಗೆ ಎರಡು ಪೆಟ್ಟು ಹೊಡೆದ, ಮೂರನೆಯದನ್ನೂ ಹೊಡೆದ, ಅರೆಜ್ಕಿ ಬಾಗಿಲ ಸಂದಿಗೆ ಕಂಬಳಿ ತುರುಕಿ ಉಸಿರು ಹಿಡಿದು ಕೂತಿದ್ದ, ಆಗ ಆಚೆ ಧಡ್ ಅಂತ ಸದ್ದು. ಕೇಳಿಸಿತು ಅವನಿಗೆ. ಕೇಳಿಸಲಿಲ್ಲ ಅಂತ ಅಕ್ಕನಿಗೆ ಹೇಳಿದ, ವೈದ್ಯರಿಗೆ ಹೇಳಿದ, ಪಕ್ಕದ ಮನೆಯವಳಿಗೆ ಹೇಳಿದ, ಆದರೆ ಕೇಳಿಸಿತು, ಕೇಳಿಸಿದಾಗ ಮೊದಲು ಬಂದ ಯೋಚನೆ, ಅಯ್ಯೋ, ಬಾಶಾ ಕೇಳಿಸಿಕೊಂಡನೇ – ಕಿವಿಗೊಟ್ಟು ಕಾದ, ಹಕ್ಕಿ ಬೆದರಲಿಲ್ಲ, ಮತ್ತೆ ಪೆಟ್ಟು ಹೊಡೆಯಿತು, ಇವನಿಗೆ ಖುಷಿಯಾಯಿತು, ಎದುರು ಮನೆಯ ಕುರ್ಚಿ ಬಿದ್ದಿರಬೇಕು ಅಂದುಕೊಂಡ, ಅಂದುಕೊಳ್ಳುವುದು ಎಷ್ಟು ಸುಲಭ. ಹನ್ನೊಂದಕ್ಕೆ ಬಾಗಿಲು ತೆರೆದರೆ ಮಂಚಕ್ಕೂ ಕಿಟಕಿಗೂ ನಡುವೆ ಯಮ್ಮಾ, ಸ್ಕರ್ಟು ಒದ್ದೆ, ಕೆನ್ನೆ ನೆಲಕ್ಕಂಟಿದೆ, ಎಡಗೈಯಲ್ಲಿ ಬಿಳಿ ಗುಂಡಿ, ಹೆಬ್ಬೆರಳು ಒತ್ತುತ್ತಿದೆ, ಬಿಡುತ್ತಿದೆ, ಮತ್ತೆ ಒತ್ತುತ್ತಿದೆ. ಅವನು ಎದುರಿಗೆ ಬಂದು ಕೂತ ಮೇಲೂ ಒತ್ತುತ್ತಿತ್ತು. ಮೂಳೆ ಮುರಿದಿಲ್ಲ, ಪುಣ್ಯ, ಅಂದರು ವೈದ್ಯರು. ಹೊಸ ಬ್ಯಾಟರಿ ಹಾಕಿ, ನೋಡು ಯಮ್ಮಾ, ನೋಡು, ಅಂತ ಹತ್ತು ಸಲ ಒತ್ತಿ ತೋರಿಸಿದ, ಕನೇರಿ ಗಂಟಲು ಹರಿಯುವಂತೆ ಕೂಗಿತು. ಅವತ್ತಿನಿಂದ ಹನ್ನೆರಡು ದಿನ, ಯಮ್ಮಾ ಆ ಗುಂಡಿಯನ್ನು ಮುಟ್ಟಿಲ್ಲ.

ಕಾಫಿ ಅಂಗಡಿಯಲ್ಲಿ ಆಗಲೇ ಏಳೆಂಟು ಪಂಜರ ಗೋಡೆಗೆ ನೇತುಬಿದ್ದಿವೆ, ಎಲ್ಲಕ್ಕೂ ಬಟ್ಟೆ, ಕೆಳಗೆ ಗಂಡಸರು ಲೋಟ ಹಿಡಿದು ಕೂತಿದ್ದಾರೆ, ಚಮಚ ಲೋಟಕ್ಕೆ ತಾಗದಂತೆ ಸಕ್ಕರೆ ಕದಡುತ್ತಾರೆ ಇಲ್ಲಿ, ಫೋನು ಬಾಯಿ ಮುಚ್ಚಿಸದೆ ಒಳಗೆ ಬಂದವನನ್ನು ಮುಖ ನೋಡದೆ ಆಚೆ ಕಳಿಸುತ್ತಾರೆ, ಅರೆಜ್ಕಿಯ ಬೆರಳು ಹೊಸ್ತಿಲಲ್ಲೇ ಜೇಬಿಗೆ ಹೋಯಿತು, ಬೇಡ, ಇವತ್ತು ಬೇಡ, ಅಕ್ಕ ಕರೆಯಬಹುದು, ತೆಗೆದ ಕೈಯನ್ನು ಹಾಗೇ ಹಿಂದಕ್ಕೆ ತಂದ. ಹಾಜ್ ಬೂಅಲೆಮ್ ಮೂಲೆಯ ಮೇಜಿನಲ್ಲಿ, ಬಾರಯ್ಯಾ ಬಾ, ಮಗಳನ್ನ ಗಂಡನ ಮನೆಗೆ ಬಿಡೋಕೆ ಬಂದವನ ಹಾಗಿದೆ ನಿನ್ನ ಮುಖ, ಅಂದ, ಯಾರೋ ಕಿಸಕ್ಕೆಂದರು. ತಗೊಳ್ಳಿ ಹಾಜ್, ಅಂದ ಅರೆಜ್ಕಿ, ಪಂಜರವನ್ನು ಮೇಜಿನ ಮೇಲಿಟ್ಟ, ದುಡ್ಡಿನ ಮಾತೆತ್ತಬೇಡಿ, ನನಗೆ ಹೊತ್ತಿಲ್ಲ. ಮುದುಕ ಬಟ್ಟೆಯ ಅಂಚನ್ನು ಎರಡು ಬೆರಳಿನಿಂದ ಎತ್ತಿದ, ಬೆಳಕು ಒಳಗೆ ಹೋಯಿತು, ಬಾಶಾ ಕತ್ತು ಓರೆಮಾಡಿದ, ಅಂಗಡಿಯಲ್ಲಿ ಲೋಟಗಳೆಲ್ಲ ಮೇಜಿಗಿಳಿದವು, ಹಾಡಬೇಡವೋ, ಹಾಡಬೇಡ, ನಾನು ಹೋದ ಮೇಲೆ ಹಾಡು, ಎಂದು ಅರೆಜ್ಕಿ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಂತೆ ಬಾಶಾ ಹಾಡಿದ, ತ್ಲಿ, ತ್ಲಿ, ತ್ಲಿ, ಮೂರು ಪೆಟ್ಟು, ಗಾಜಿಗೆ ಉಗುರು ತಗುಲಿಸಿದ ಹಾಗೆ, ಮತ್ತೆ ಮೂರು, ಮತ್ತೆ ಮೂರು. ಎಳೆತ ಬರಲಿಲ್ಲ. ಎಳೆತದ ಜಾಗದಲ್ಲಿ ಒಂದು ಖಾಲಿ, ಕೊಕ್ಕು ತೆರೆದೇ ಇದೆ, ದನಿಯಿಲ್ಲ. ಎಲ್ಲೋ ನಡುವೆ ಪಾಠ ತಪ್ಪಿಸಿದ್ದೀಯ ಕಣಯ್ಯಾ, ಅಂದ ಬೂಅಲೆಮ್, ಎಳೆತ ಕೂರಬೇಕಾದ ಹೊತ್ತಿನಲ್ಲೇ ತಪ್ಪಿಸಿದ್ದೀಯ, ಮೂರ್ನಾಲ್ಕು ದಿನ ಟೇಪು ಹಾಕಿಲ್ಲ, ಹೌದೋ ಅಲ್ವೋ. ಆಸ್ಪತ್ರೆಯಲ್ಲಿದ್ದೆ, ಯಮ್ಮಾ ಬಿದ್ದಿದ್ಲು. ಅಲ್ಲಾ ಕಾಪಾಡಲಿ, ಹೇಗಿದ್ದಾಳೆ, ಅಂತ ಕೇಳಿದ ಮುದುಕ, ಕೇಳುತ್ತಲೇ ಬಟ್ಟೆಯನ್ನು ಇಳಿಬಿಟ್ಟ, ನಿಜವಾಗಿಯೇ ಮರುಗಿದ, ಎರಡಕ್ಕೂ ಮರುಗಿದ, ಯಾವುದಕ್ಕೆ ಹೆಚ್ಚು ಅಂತ ಕೇಳಿದರೆ ಏನು ಹೇಳುತ್ತಿದ್ದನೋ. ಕೇಳುವುದೇಕೆ, ಅರೆಜ್ಕಿಗೇ ಎದೆಯೊಳಗೆ ಕಿತ್ತುಬಂದದ್ದು ಆ ನಾಲ್ಕು ದಿನ, ಆಸ್ಪತ್ರೆಯ ಬೆಂಚಿನ ಮೇಲೆ ವ್ಯರ್ಥವಾದ ನಾಲ್ಕು ಬೆಳಗು, ವ್ಯರ್ಥ ಅನ್ನುವ ಮಾತೇ ಬಂತು ಮೊದಲು, ಥೂ, ನಿನ್ನ ಜನ್ಮಕ್ಕೆ, ಹೆತ್ತವಳ ಪಕ್ಕದಲ್ಲಿ ಕೂತದ್ದು ವ್ಯರ್ಥವೇನೋ. ಇರಯ್ಯಾ, ಕಾಫಿ ಕುಡಿ, ಇವನಿನ್ನೊಂದು ಸಲ ಬಾಯಿ ಬಿಡ್ತಾನೆ ನೋಡೋಣ. ಇಲ್ಲ ಹಾಜ್, ಅಂದ, ಎದ್ದ, ಎದ್ದೇಬಿಟ್ಟ, ಪಂಜರದ ಕಡೆ ನೋಡದೆ ಬಾಗಿಲ ತನಕ ನಡೆದ, ಹೊಸ್ತಿಲು ದಾಟುವಾಗ ಹಿಂದೆ ಟಪ್ ಅಂತ ಕೋಲಿನಿಂದ ಕೋಲಿಗೆ ಹಾರಿದ್ದು ಕೇಳಿಸಿತು.

ಕೊಟ್ಟೆ, ಕೊಟ್ಟುಬಿಟ್ಟೆ, ಬರಿಗೈ, ನೋಡಕ್ಕಾ ಬರಿಗೈ – ಎರಡೂ ಕೈ ತೂಗಾಡುತ್ತಿವೆ, ಎಡಗೈಗೆ ಏನು ಮಾಡಬೇಕೆಂದು ತಿಳಿಯದೆ ಕೋಟಿನ ಗುಂಡಿ ಹಾಕುತ್ತಿದೆ, ಬಿಚ್ಚುತ್ತಿದೆ. ಹನ್ನೊಂದೂ ಕಾಲು. ಮನೆಗೆ ಇಪ್ಪತ್ತೇ ನಿಮಿಷ, ಏರುದಾರಿ, ನಿಧಾನ ನಡೆದರೂ ಹನ್ನೆರಡಕ್ಕೆ ಮುಂಚೆ ಅರ್ಧ ಕಾಫಿ ಮುಗಿದಿರುತ್ತದೆ. ಅಳು ಬರಬೇಕಿತ್ತು, ಬರಲಿಲ್ಲ, ಹಗುರವಾಗಿತ್ತು, ಇಷ್ಟು ಸುಲಭವೇ, ಇಪ್ಪತ್ತೇಳು ವರ್ಷ ಒಂದು ಮೇಜಿನ ಮೇಲಿಟ್ಟು ಎದ್ದು ಬರುವುದು ಇಷ್ಟೇನೇ, ಮೀನಿನವನು ಸಾರ್ಡೀನು ಸಾರ್ಡೀನು ಅಂತ ಕೂಗುತ್ತಿದ್ದಾನೆ, ಮೂಲೆಯಂಗಡಿಯ ಕಡಲೆಹಿಟ್ಟಿನ ಗರಂಟೀಟದ ಬಿಸಿ ವಾಸನೆ, ಯಮ್ಮಾನಿಗೆ ಇಷ್ಟ, ಮೆತ್ತಗೆ, ಜಗಿಯುವ ಕೆಲಸವಿಲ್ಲ, ಜೀರಿಗೆ ಉದುರಿಸಿ ಒಂದು ತುಂಡು ಕಟ್ಟಿಸಿಕೊಳ್ಳಲೇ, ಬೇಡ, ಸಾಲಿದೆ, ಬರಿಗೈಲಿ ಬಾ ಅಂದಿದ್ದಾಳೆ, ಬರಿಗೈಲೇ ಹೋಗಬೇಕು, ನಾಳೆ ತಂದರಾಯಿತು, ನಾಳೆಯೂ ಇರುತ್ತಾಳಲ್ಲ, ನಾಡಿದ್ದೂ ಇರುತ್ತಾಳೆ. ಬೆಳಗ್ಗೆ ಎಂಟರಿಂದ ಹನ್ನೊಂದು ಇನ್ನು ಅವಳ ಹೊತ್ತು. ಹಕ್ಕಿಯ ಕೋಣೆಯನ್ನು ತೊಳೆದು ಮಂಚವನ್ನು ಅಲ್ಲಿಗೇ ಹಾಕಿದರೆ ಸಮುದ್ರ ಇನ್ನೂ ಎರಡು ಅಂಗೈ ಹೆಚ್ಚು ಕಾಣುತ್ತದೆ, ರೇಡಿಯೋ ಹಚ್ಚಿಡಬಹುದು, ಜೋರಾಗಿಯೇ ಹಚ್ಚಿಡಬಹುದು, ಪಕ್ಕದ ಮನೆಯ ಮಕ್ಕಳನ್ನು ಕರೆದು ಗಲಾಟೆ ಮಾಡ್ರೋ, ಎಷ್ಟು ಬೇಕೋ ಅಷ್ಟು ಮಾಡ್ರೋ ಅನ್ನಬಹುದು, ಒಂದು ದಿನ ಅವಳು ಗುಂಡಿ ಒತ್ತುತ್ತಾಳೆ, ಒತ್ತದೆ ಏನು, ಓಡಿಬಂದು ಏನ್ ಯಮ್ಮಾ ಅನ್ನುತ್ತೇನೆ, ಅವಳಿಗೇನೂ ಬೇಕಾಗಿರುವುದಿಲ್ಲ, ಸುಮ್ಮನೆ ಒತ್ತಿರುತ್ತಾಳೆ, ಬರುತ್ತಾನೋ ಇಲ್ಲವೋ ನೋಡಲಿಕ್ಕೆ. ಏರು ಶುರುವಾಯಿತು, ಎಡಕ್ಕೊಂದು ತಿರುವು, ಅಲ್ಲಿಂದ ರಸ್ತೆ ಬಳಸಿಕೊಂಡು ಮೇಲೆ ಹೋದರೆ ಮನೆ, ಇನ್ನು ಐದು ನಿಮಿಷ.

ತ್ಲಿ, ತ್ಲಿ, ತ್ಲಿ. ತಲೆಯೊಳಗಿನದು ಅಂದುಕೊಂಡ ಮೊದಲು, ತಲೆಯೊಳಗೆ ಅದು ನಿಂತ ದಿನವೇ ಇಲ್ಲ, ಇಲ್ಲ, ಮೇಲಿನಿಂದ, ಎಡಗಡೆಯ ಹಳೆಯ ಕಟ್ಟಡದ ಮೂರನೇ ಮಹಡಿಯ ನೀಲಿ ಬಾಗಿಲುಗಳ ಕಿಟಕಿ, ಅರ್ಧ ತೆರೆದಿದೆ, ಪಂಜರ ಕಾಣುವುದಿಲ್ಲ, ಯಾರ ಮನೆ ಇದು, ಈ ಬೀದಿಯಲ್ಲಿ ಮೆಕ್ನೀನ್ ಸಾಕುವವರು ಯಾರೂ ಇಲ್ಲವಲ್ಲ, ಹೊಸಬರೇನೋ – ನಡೆ, ನಿನಗ್ಯಾಕೆ, ಬಿಟ್ಟಿದ್ದೀಯಲ್ಲ, ನಡೆಯೋ – ನಡೆದ, ಎರಡು ಹೆಜ್ಜೆ ನಡೆದ, ಮೂರು ಪೆಟ್ಟಿನ ಹಿಂದೆಯೇ ಎಳೆತ ಬಂತು. ಚ್ಯೂ..ಈ... ಟೇಪಿನದಲ್ಲ, ಟೇಪಿನ ಸರಸರವಿಲ್ಲ, ಹಸಿ ದನಿ, ಜೀವಂತ ಗಂಟಲು, ಎಳೆಯುತ್ತಾ ಎಳೆಯುತ್ತಾ ಟೇಪು ಟಕ್ ಅನ್ನುವ ಜಾಗಕ್ಕೆ ಬಂತು, ಅರೆಜ್ಕಿಯ ಮೈಯೆಲ್ಲ ಆ ಟಕ್‌ಗೆ ಕಾದು ನಿಂತಿತು, ಟಕ್ ಆಗಲಿಲ್ಲ, ದಾಟಿತು, ಕೂದಲೆಳೆಯಷ್ಟು ದಾಟಿ ತಿರುಗಲು ಶುರುಮಾಡಿತು, ಅಲ್ಲಿಗೆ ನಿಂತಿತು. ಅಯ್ಯೋ. ಮೇಲಕ್ಕೋ ಕೆಳಕ್ಕೋ. ಮೇಲಕ್ಕೆ ಇರಬೇಕು, ಇಲ್ಲ, ಕೆಳಕ್ಕೆ ಬಾಗಿದ ಹಾಗಿತ್ತು, ಮತ್ತೆ ಹಾಡುತ್ತದೆ, ಒಂದು ಸಲ, ಒಂದೇ ಒಂದು ಸಲ ಕೇಳಿ ಹೋಗುತ್ತೇನೆ, ಒಂದು ನಿಮಿಷಕ್ಕೇನು, ಗಡಿಯಾರ ಹನ್ನೊಂದೂವರೆ, ಬೇಕಾದಷ್ಟು ಹೊತ್ತಿದೆ. ಮತ್ತೆ ಪೆಟ್ಟು ಮೂರು, ಎಳೆತ, ಈ ಸಲ ದಾಟುವ ಮುಂಚೆಯೇ ಕಾಳು ಕುಟುಕಲು ಹೋಯಿತೇನೋ ಬಿಟ್ಟುಬಿಟ್ಟಿತು, ಛೇ, ಇನ್ನೊಂದು ಸಲ. ರಸ್ತೆಯ ನಡುವಿಗೆ ಬಂದು ನಿಂತರೆ ಚೆನ್ನಾಗಿ ಕೇಳುತ್ತದೆ, ಗೋಡೆಯ ಹತ್ತಿರ ದನಿ ಒಡೆಯುತ್ತದೆ. ಯಾರೋ ಹೆಂಗಸು ತರಕಾರಿ ಗಾಡಿ ಗಡಗಡ ಎಳೆದುಕೊಂಡು ಬಂದಳು, ಹಾದುಹೋಗುವ ತನಕ ಹಲ್ಲು ಕಚ್ಚಿಕೊಂಡಿದ್ದ. ಹೋಗಬೇಕು, ಗೊತ್ತು ಅವನಿಗೆ, ಕಾಲಿಗೆ ಹೇಳುತ್ತಿದ್ದಾನೆ, ನಡೆಯೋ, ನಡೆಯೋ ಮುಂಡೇದೇ, ಕಂಬಿ ಹಿಡಿದುಕೊಂಡಿದ್ದಾಳೆ ಅವಳು, ಹೊತ್ತು ನೋಡುತ್ತಿದ್ದಾಳೆ, ಹೇಳುತ್ತಲೇ ಇದ್ದಾನೆ, ಕಾಲು ಅವನದಲ್ಲ, ಏಳು ವರ್ಷದವನಿದ್ದಾಗಲೂ ಹೀಗೇ, ಊಟಕ್ಕೆ ಬಾರೋ ಅಂತ ಯಮ್ಮಾ ಕೂಗುವುದು ಕೇಳಿಸುತ್ತಿತ್ತು, ಬಂದೆ ಅನ್ನುತ್ತಲೂ ಇದ್ದ, ಏಳಲಾಗುತ್ತಿರಲಿಲ್ಲ, ಯಾರಾದರೂ ಬಂದು ರಟ್ಟೆ ಹಿಡಿದು ಎಬ್ಬಿಸಬೇಕಿತ್ತು, ಅವಳೇ ಬಂದು ಎಬ್ಬಿಸುತ್ತಿದ್ದಳು. ಜೇಬಿನಲ್ಲಿ ಫೋನು. ನಡುಗಿ, ದನಿಯೆತ್ತಿ, ಟಿರ್ರ್ ಅಂತ ಹೊಡೆದುಕೊಳ್ಳತೊಡಗಿತು, ಮೇಲೆ ಎಳೆತ ಶುರುವಾಗಿತ್ತು, ಸರಿಯಾಗಿ ಅದೇ ಹೊತ್ತಿಗೆ, ಅವನ ಕೈ ಜೇಬಿಗೆ ಹಾರಿತು, ಪರದೆಯ ಮೇಲೆ ಅಕ್ಕ ಅಂತ ಇತ್ತು, ಹನ್ನೊಂದೂ ಐವತ್ತೆರಡು ಅಂತ ಇತ್ತು, ಎರಡನ್ನೂ ಓದಿದ, ಓದಿಯೂ ಹೆಬ್ಬೆರಳು ಪಕ್ಕದ ಗುಂಡಿಯನ್ನು ಒತ್ತಿ ಹಿಡಿಯಿತು, ಪರದೆ ಕಪ್ಪಾಗುವ ತನಕ ಹಿಡಿಯಿತು. ಬಂದೆ ಅಕ್ಕಾ, ಬಂದೆ, ಕೊಟ್ಟಾಗಿದೆ, ಬರಿಗೈ, ತಿರುವಿನಲ್ಲೇ ಇದ್ದೀನಿ, ಒಂದೇ ನಿಮಿಷ.

ಆಮೇಲೆ ಅಜಾನ್. ಮೊದಲು ಕೆಳಗಿನ ಮಸೀದಿ, ಅದರ ಹಿಂದೆ ಗುಡ್ಡದ ಮೇಲಿನದು, ಒಂದರ ಮೇಲೊಂದು, ಆಕಾಶವೆಲ್ಲ ದನಿ, ಹಕ್ಕಿ ಸುಮ್ಮನಾಯಿತು. ಇದೇ ಹೊತ್ತು, ಈಗ ಹೊರಡು, ಅದು ಹಾಡುತ್ತಿಲ್ಲ, ಹಿಡಿದುಕೊಂಡಿರುವುದು ಏನೂ ಇಲ್ಲ, ಓಡಿದರೆ ಸಿಗುತ್ತಾರೆ, ಅಕ್ಕ ಬಾಯಿ ಜೋರು, ಮನಸ್ಸು ಮೆತ್ತಗೆ, ಅರ್ಧ ಗಂಟೆ ಕಾದೇ ಕಾಯುತ್ತಾಳೆ – ಅಜಾನ್ ಮುಗಿದ ಕೂಡಲೇ ಹಾಡುತ್ತವೆ, ಎಲ್ಲ ಮೆಕ್ನೀನುಗಳೂ, ಸುಮ್ಮನಿದ್ದ ಗಂಟಲು ಆಗ ಪೂರ್ತಿ ಬಿಚ್ಚುತ್ತದೆ, ಅರ್ಧಕ್ಕೆ ಬಿಡುವುದಿಲ್ಲ, ಇದು ಅವನಿಗೆ ಗೊತ್ತು, ಗೊತ್ತಿರಬಾರದಾಗಿತ್ತು. ನಿಂತ. ದೇವರ ಹೆಸರು ಮುಗಿಯಲಿ ಅಂತ ಕಾದು ನಿಂತ ಪಾಪಿ ಊರಿಗೆಲ್ಲ ತಾನೊಬ್ಬನೇ ಇರಬೇಕು, ಅಂದುಕೊಂಡ, ಅಂದುಕೊಳ್ಳುತ್ತಾ ಕತ್ತು ಎತ್ತಿಯೇ ಇತ್ತು. ಚಾಪೆ ಬಗಲಿಗಿಟ್ಟುಕೊಂಡ ಒಬ್ಬ ಮುದುಕ ಇಳಿದು ಬರುತ್ತಾ, ಏನಪ್ಪಾ ಬೀಳೋ ಹಾಗಿದೆಯಾ ಮೇಲಿಂದ ಏನಾದ್ರೂ, ಅಂತ ಕೇಳಿದ, ತಾನೂ ಒಮ್ಮೆ ಮೇಲೆ ನೋಡಿ ಹೋದ. ಅಜಾನ್ ನಿಂತಿತು. ಬೀದಿ ಖಾಲಿ. ತ್ಲಿ. ತ್ಲಿ. ತ್ಲಿ. ಬಂತು ಎಳೆತ, ಇಷ್ಟು ತುಂಬಿಕೊಂಡು ಇದುವರೆಗೆ ಬಂದಿರಲಿಲ್ಲ, ಉಸಿರು ಹಿಡಿದ, ಟಕ್ಕಿನ ಜಾಗ ಬಂತು, ದಾಟಿತು, ಕೂದಲೆಳೆ ದಾಟಿತು, ತಿರುಗಿತು, ಇನ್ನೇನು –

ಪೋಂ, ಅಂತ ಬೆನ್ನ ಹಿಂದೆ ಒಂದು ಕಾರು, ಮತ್ತೆ ಪೋಂ ಪೋಂ, ಯಾವನೋ ಇವನು ಹೊತ್ತುಗೊತ್ತಿಲ್ಲದ ನನ್ಮಗ, ಅರೆಜ್ಕಿ ತಿರುಗಲೂ ಇಲ್ಲ, ಒಂದು ಕೈ ಹಿಂದಕ್ಕೆ ಚಾಚಿ ತಡೆದ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡ, ಶ್, ಶ್, ಬಾಯಿ ಮುಚ್ಚೋ, ಮೇಲೆ ಹಾಡು ಕತ್ತರಿಸಿಹೋಗಿತ್ತು. ಸಿಟ್ಟು ನೆತ್ತಿಗೇರಿ ಬೈಯಲು ತಿರುಗಿದ, ಬೆರಳು ತುಟಿಯ ಮೇಲೆಯೇ ಇತ್ತು. ಭಾವನ ಬಿಳಿ ಕಾರು. ಮುಹಂದ್ ಗಾಜಿನೊಳಗಿಂದ ಏನೋ ಅಂದ, ಅಕ್ಕ ಅವನ ತೋಳು ಹಿಡಿದು ನಡಿರಿ ಅಂದದ್ದು ತುಟಿಯಲ್ಲೇ ತಿಳಿಯಿತು, ಅವಳು ತಮ್ಮನ ಎರಡು ಬರಿಗೈಗಳನ್ನು ನೋಡಿದಳು, ತೆರೆದ ನೀಲಿ ಕಿಟಕಿಯನ್ನು ನೋಡಿದಳು, ತುಟಿಯ ಮೇಲಿನ ಬೆರಳನ್ನು ನೋಡಿದಳು, ಮುಖ ತಿರುಗಿಸಿದಳು. ಅಕ್ಕಾ ಬರಿಗೈ, ಅನ್ನಬೇಕು, ಕೊಟ್ಟಾಯ್ತು ಅಕ್ಕಾ, ಕೇಳು ಬೇಕಾದರೆ ಹಾಜ್‌ನ, ಗಂಟಲು ತೆರೆದಿದೆ, ದನಿಯಿಲ್ಲ, ಕಾರು ಅವನನ್ನು ಬಳಸಿಕೊಂಡು ಗೋಡೆಯ ಪಕ್ಕ ಚಕ್ರ ಹತ್ತಿಸಿ ನಿಧಾನ ದಾಟಿತು, ಬಾಗಿಲು ಹಿಡಿಯಬಹುದಿತ್ತು ಅಷ್ಟು ನಿಧಾನ, ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಯಮ್ಮಾನ ಬಿಳಿ ತಲೆವಸ್ತ್ರ, ವಾಲಿಕೊಂಡಿದ್ದಾಳೆ, ಅವನ ಕಡೆಗೆ ನೋಡುತ್ತಿದ್ದಾಳೆ, ಅವನನ್ನೇ, ಎಡಗೈ ಗಾಜಿನ ಹತ್ತಿರ ಎತ್ತಿದೆ, ಕೊರಳಿನ ದಾರ ಬಿಗಿದು ನಿಂತಿದೆ, ಬಿಳಿ ಗುಂಡಿ, ಹೆಬ್ಬೆರಳು – ಒತ್ತುತ್ತಿದೆ, ಬಿಡುತ್ತಿದೆ, ಒತ್ತುತ್ತಿದೆ – ಕಾರು ತಿರುವಿನಲ್ಲಿ ಇಳಿದುಹೋಯಿತು, ಹೆಬ್ಬೆರಳು ಒತ್ತುತ್ತಿದೆ, ಬಿಡುತ್ತಿದೆ, ಒತ್ತುತ್ತಿದೆ